ಪಾರಂಪರಿಕ ತಾಣಗಳಲ್ಲಿ ಛಾಯಾಗ್ರಹಣ: ಅನುಮತಿ ಯಾರದು, ಹಕ್ಕು ಯಾರದು

ಎರಡು ಬೇರೆ ಪ್ರಶ್ನೆಗಳು

ದೇವಾಲಯ, ಬಸದಿ, ಕೋಟೆ ಅಥವಾ ರಾಷ್ಟ್ರೀಯ ಉದ್ಯಾನದಲ್ಲಿ ತೆಗೆದ ಛಾಯಾಚಿತ್ರದ ಸುತ್ತ ಕಾನೂನಿನ ಎರಡು ಪ್ರಶ್ನೆಗಳು ಏಳುತ್ತವೆ. ಆ ಸ್ಥಳದಲ್ಲಿ ಕ್ಯಾಮೆರಾ ಬಳಸಲು ಯಾರ ಒಪ್ಪಿಗೆ ಬೇಕು ಎಂಬುದು ಮೊದಲನೆಯದು. ತೆಗೆದ ಚಿತ್ರ ಯಾರ ಸ್ವತ್ತು ಎಂಬುದು ಎರಡನೆಯದು. ಸ್ಥಳ ಯಾರ ಸುಪರ್ದಿಯಲ್ಲಿದೆ, ಅದಕ್ಕೆ ಯಾವ ಕಾಯಿದೆ ಅನ್ವಯಿಸುತ್ತದೆ ಎಂದು ತಿಳಿದರೆ ಮೊದಲನೆಯದಕ್ಕೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಇರುವುದು 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ, ಅಂದರೆ ಜನರ ಬಾಯಲ್ಲಿ ಕಾಪಿರೈಟ್ ಎನಿಸಿಕೊಂಡ ಕಾನೂನಿನಲ್ಲಿ. ಇದು ಜಾರಿಗೆ ಬಂದದ್ದು 1958ರ ಜನವರಿ 21ರಂದು.

ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಬಹುಪಾಲು ಗೊಂದಲ ಹುಟ್ಟುತ್ತದೆ. ‘ದೇವಸ್ಥಾನ ನಮ್ಮದು, ಆದ್ದರಿಂದ ಅದರ ಫೋಟೊ ನಮ್ಮದು’ ಎನ್ನುವ ಆಡಳಿತ ಮಂಡಳಿ ಒಂದು ಕಡೆಗಿದ್ದರೆ, ‘ಫೋಟೊ ತೆಗೆದವನು ನಾನು, ಆದ್ದರಿಂದ ಎಲ್ಲಿ ಬೇಕಾದರೂ ತೆಗೆಯಬಹುದು’ ಎನ್ನುವ ಛಾಯಾಗ್ರಾಹಕ ಇನ್ನೊಂದು ಕಡೆಗಿದ್ದಾನೆ. ಕಾನೂನು ಇಬ್ಬರ ಮಾತನ್ನೂ ಒಪ್ಪುವುದಿಲ್ಲ.

ಚಿಕ್ಕಮಗಳೂರು ಜಿಲ್ಲೆಯ ಕಳಸ, ಹೊರನಾಡು, ಮೂಡಿಗೆರೆ ಸೀಮೆಯನ್ನು ಗಮನಿಸಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ಧರ್ಮಕರ್ತರ ಆಡಳಿತದ ದೇವಾಲಯ, ಮುಜರಾಯಿ ದೇವಾಲಯ, ಪುರಾತತ್ತ್ವ ಇಲಾಖೆಯ ಸ್ಮಾರಕ, ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಕಾಡು, ಖಾಸಗಿ ಕಾಫಿ ತೋಟ ಎಲ್ಲವೂ ಈ ಭಾಗದಲ್ಲಿ ಒಂದೇ ದಿನದ ಪ್ರಯಾಣದೊಳಗೆ ಸಿಗುತ್ತವೆ. ಪ್ರತಿಯೊಂದಕ್ಕೂ ನಿಯಮ ಬೇರೆ.

ಹೊರನಾಡು ಮತ್ತು ಕಳಸ: ದೇವಾಲಯದೊಳಗಿನ ಕ್ಯಾಮೆರಾ

ಹೊರನಾಡಿನ ಅನ್ನಪೂರ್ಣೇಶ್ವರಿ ದೇವಾಲಯ ವಂಶಪಾರಂಪರ್ಯ ಧರ್ಮಕರ್ತರ ಆಡಳಿತದಲ್ಲಿದೆ. ಒಳಗೆ ಫೋಟೊ ತೆಗೆಯುವಂತಿಲ್ಲ. ಪುರುಷರು ಅಂಗಿ ತೆಗೆದು ದರ್ಶನಕ್ಕೆ ನಿಲ್ಲಬೇಕೆಂಬ ಪದ್ಧತಿ ಹೇಗೋ ಇದೂ ಹಾಗೆಯೇ ಕ್ಷೇತ್ರದ ಕಟ್ಟಳೆ. ಇದಕ್ಕೆ ಹಕ್ಕುಸ್ವಾಮ್ಯ ಕಾಯಿದೆಯ ಆಧಾರ ಬೇಕಿಲ್ಲ. ಜಾಗದ ಮೇಲ್ವಿಚಾರಣೆ ಇರುವವರು ಒಳಬರುವವರಿಗೆ ಷರತ್ತು ವಿಧಿಸಬಹುದು. ಷರತ್ತು ಮೀರಿದವರನ್ನು ಹೊರಗೆ ಕಳುಹಿಸಬಹುದು.

ಕಳಸದ ಕಳಸೇಶ್ವರ ದೇವಾಲಯ ಮುಜರಾಯಿ ಇಲಾಖೆಗೆ ಸೇರಿದ್ದು. ಇಂಥ ದೇವಾಲಯಗಳಿಗೆ 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆ ಅನ್ವಯಿಸುತ್ತದೆ. ಮುಜರಾಯಿ ದೇವಾಲಯಗಳ ಒಳಗೆ ಮೊಬೈಲ್ ಬಳಸಬಾರದೆಂದು ರಾಜ್ಯ ಸರ್ಕಾರ 2023ರ ಜುಲೈನಲ್ಲಿ ಆದೇಶ ಹೊರಡಿಸಿತು. ಹೀಗಾಗಿ ಹೊರನಾಡಿನಲ್ಲಿ ಕ್ಷೇತ್ರದ ಕಟ್ಟಳೆ ಮಾಡುವ ಕೆಲಸವನ್ನು ಕಳಸದಲ್ಲಿ ಸರ್ಕಾರದ ಆದೇಶ ಮಾಡುತ್ತದೆ. ಭಕ್ತರಿಗೆ ಎರಡೂ ಕಡೆ ಕಾಣುವುದು ಒಂದೇ ಬಗೆಯ ಫಲಕ. ಅದರ ಹಿಂದಿನ ಅಧಿಕಾರ ಮಾತ್ರ ಬೇರೆ ಬೇರೆ ಮೂಲದಿಂದ ಬಂದಿದೆ.

ನಿಷೇಧವಿದ್ದ ಸ್ಥಳದಲ್ಲಿ ಕಣ್ತಪ್ಪಿಸಿ ತೆಗೆದ ಚಿತ್ರದ ಗತಿ ಏನು? ತೆಗೆದವನು ನಿಯಮ ಮುರಿದಿದ್ದಾನೆ, ಅದಕ್ಕೆ ಹೊಣೆಯನ್ನೂ ಹೊರಬೇಕು. ಆದರೆ ಆ ಕಾರಣಕ್ಕೆ ಚಿತ್ರದ ಹಕ್ಕುಸ್ವಾಮ್ಯ ದೇವಾಲಯಕ್ಕೆ ತಾನಾಗಿ ವರ್ಗವಾಗುವುದಿಲ್ಲ. ಆಡಳಿತ ಮಂಡಳಿ ಅದನ್ನು ತನ್ನ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿಕೊಳ್ಳುವಂತೆಯೂ ಇಲ್ಲ. ಕೇಳಲು ವಿಚಿತ್ರವೆನಿಸಿದರೂ ಎರಡು ಪ್ರಶ್ನೆಗಳು ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ.

ಕೇಂದ್ರ ಸಂರಕ್ಷಿತ ಸ್ಮಾರಕಗಳ ನಿಯಮ

ತರೀಕೆರೆ ತಾಲೂಕಿನ ಅಮೃತಾಪುರದ ಅಮೃತೇಶ್ವರ, ಚಿಕ್ಕಮಗಳೂರು ತಾಲೂಕಿನ ಬೆಳವಾಡಿಯ ವೀರನಾರಾಯಣ, ನೆರೆಯ ಹಾಸನ ಜಿಲ್ಲೆಯ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಇವುಗಳಿಗೆ ಅನ್ವಯಿಸುವುದು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆ ಮತ್ತು ಅದರಡಿ 1959ರಲ್ಲಿ ರೂಪುಗೊಂಡ ನಿಯಮಗಳು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಪ್ರತ್ಯೇಕ ಕಾಯಿದೆ ಇದೆ. ಅವು ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಅಧೀನದಲ್ಲಿವೆ.

1959ರ ನಿಯಮಗಳು ಕ್ಯಾಮೆರಾ ಕೆಲಸವನ್ನು ಎರಡಾಗಿ ವಿಂಗಡಿಸುತ್ತವೆ. ಚಿತ್ರ ಬರೆಯುವುದು, ಅಚ್ಚು ತೆಗೆಯುವುದು, ಛಾಯಾಚಿತ್ರ ತೆಗೆಯುವುದು ‘ಪ್ರತಿ ಮಾಡಿಕೊಳ್ಳುವಿಕೆ’ ಎನಿಸುತ್ತವೆ. ಎಂಟು ಮಿಲಿಮೀಟರ್ ಫಿಲ್ಮಿನ, ಸ್ಟ್ಯಾಂಡ್ ಬೇಡದ, ಪೂರ್ವಸಿದ್ಧತೆ ಇಲ್ಲದ ಕೈಕ್ಯಾಮೆರಾದ ಚಿತ್ರೀಕರಣವೂ ಇದೇ ಗುಂಪಿಗೆ ಸೇರುತ್ತದೆ. ಅದಕ್ಕಿಂತ ದೊಡ್ಡ ಕ್ಯಾಮೆರಾ, ಸ್ಟ್ಯಾಂಡ್, ವಿಶೇಷ ಏರ್ಪಾಟು ಬೇಕಾಗುವ ಕೆಲಸ ‘ಚಿತ್ರೀಕರಣ’ ಎನಿಸಿ ಪರವಾನಗಿಗೆ ಒಳಪಡುತ್ತದೆ. ಎಂಟು ಮಿಲಿಮೀಟರಿನ ಅಳತೆ ಇಂದು ಬಹುತೇಕ ಅರ್ಥ ಕಳೆದುಕೊಂಡಿದೆ. ಆ ಕಾಲದ ದೊಡ್ಡ ಯಂತ್ರಗಳು ಮಾಡುತ್ತಿದ್ದುದನ್ನು ಈಗ ಕಿಸೆಯಲ್ಲಿನ ಫೋನ್ ಮಾಡುತ್ತದೆ. ಆದರೆ ಸ್ಟ್ಯಾಂಡ್ ಮತ್ತು ಪೂರ್ವಸಿದ್ಧತೆಯ ಮಾನದಂಡ ಇನ್ನೂ ಗಟ್ಟಿಯಾಗಿದೆ. ಸ್ಮಾರಕಕ್ಕೆ ಹಾನಿ, ಯಾತ್ರಿಕರಿಗೆ ಅಡಚಣೆ ಆಗುವುದು ಕ್ಯಾಮೆರಾದ ಬಲದಿಂದಲ್ಲ, ಅದರ ಜೊತೆ ಬರುವ ಸಾಮಗ್ರಿಯಿಂದ ಎಂಬುದನ್ನು ನಿಯಮ ರೂಪಿಸಿದವರು ಸರಿಯಾಗಿಯೇ ಗ್ರಹಿಸಿದ್ದರು.

ವಿಶೇಷ ನಿರ್ಬಂಧವಿಲ್ಲದ ಸಂರಕ್ಷಿತ ಸ್ಮಾರಕವನ್ನು ಯಾರು ಬೇಕಾದರೂ ಕೈಕ್ಯಾಮೆರಾದಿಂದ ಛಾಯಾಗ್ರಹಣ ಮಾಡಬಹುದು. ಆದರೆ ಲಿಖಿತ ಅನುಮತಿ ಇಲ್ಲದೆ ಆವರಣದೊಳಗೆ ತರಬಾರದ ವಸ್ತುಗಳ ಪಟ್ಟಿಯೊಂದಿದೆ: ಕ್ಯಾಮೆರಾ ಸ್ಟ್ಯಾಂಡ್, ಸ್ಟೂಲು, ಕುರ್ಚಿ, ದೊಡ್ಡ ಛತ್ರಿ, ಚಿತ್ರ ಬರೆಯುವ ಹಲಗೆ ಇತ್ಯಾದಿ. ಅಟ್ಟಣಿಗೆ ಕಟ್ಟುವಂತಿಲ್ಲ. ಕ್ಯಾಮೆರಾ ಕ್ಲಿಕ್ಕಿನ ಜೊತೆಗೇ ಮಿನುಗುವ ಫ್ಲ್ಯಾಶ್ ಬಿಟ್ಟು ಬೇರೆ ಕೃತಕ ಬೆಳಕು ಹಾಯಿಸುವಂತಿಲ್ಲ. ಶಿಲ್ಪಕ್ಕೆ ನೀರು, ಎಣ್ಣೆ, ಗ್ರೀಸ್ ಸವರುವಂತಿಲ್ಲ. ಕೊನೆಯದಕ್ಕೆ ಕಾರಣವಿದೆ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿಗೆ ನೀರು ಅಥವಾ ಎಣ್ಣೆ ಬಿದ್ದರೆ ಮೇಲ್ಮೈ ಕಪ್ಪಾಗಿ ಹೊಳೆದು ಕೆತ್ತನೆಯ ಗೆರೆಗಳು ಚಿತ್ರದಲ್ಲಿ ಎದ್ದು ಕಾಣುತ್ತವೆ. ಆ ಆಸೆಗೆ ಸವರಿದ ಜಿಡ್ಡು ಧೂಳನ್ನು ಹಿಡಿದಿಟ್ಟುಕೊಂಡು ಕಲ್ಲಿನ ಮೇಲೆಯೇ ಉಳಿಯುತ್ತದೆ.

ಸಿನಿಮಾ, ಜಾಹೀರಾತು ಮುಂತಾದ ಚಿತ್ರೀಕರಣಕ್ಕೆ ಇಲಾಖೆಯ ಪರವಾನಗಿ ಪಡೆದು ಶುಲ್ಕ ಮತ್ತು ಠೇವಣಿ ಕಟ್ಟಬೇಕು. 1959ರ ನಿಯಮಗಳ ಪ್ರಕಾರ ಚಿತ್ರೀಕರಣ ಸ್ಮಾರಕದ ಹೊರಭಾಗಕ್ಕೆ, ಅಂದರೆ ಯಾವುದೇ ಬಗೆಯ ಚಾವಣಿ ಇಲ್ಲದ ಭಾಗಕ್ಕೆ ಸೀಮಿತ. ಬೇಲೂರಿನ ಪ್ರಸಿದ್ಧ ಮದನಿಕೆಯರಲ್ಲಿ 38 ವಿಗ್ರಹಗಳು ಹೊರಗೋಡೆಯ ಮೇಲಿವೆ, ನಾಲ್ಕು ನವರಂಗದೊಳಗಿವೆ. ಪರವಾನಗಿ ಪಡೆದ ಚಿತ್ರತಂಡ ಅಂಗಳದಲ್ಲಿ ನಿಂತು ಹೊರಗಿನವರನ್ನು ಸೆರೆಹಿಡಿಯಬಹುದು. ಒಳಗಿನ ನಾಲ್ವರ ಮುಂದೆ ಕ್ಯಾಮೆರಾ ಹೂಡಲು ಈ ನಿಯಮ ಎಡೆ ಕೊಡುವುದಿಲ್ಲ. ಜನರೇಟರನ್ನು ಸ್ಮಾರಕದಿಂದ ದೂರ ಇಡಬೇಕು, ಸಂದರ್ಶಕರ ಓಡಾಟಕ್ಕೆ ಅಡ್ಡಿಯಾಗಬಾರದು ಎಂಬ ಷರತ್ತುಗಳೂ ಇವೆ.

2018ರ ಜುಲೈನಲ್ಲಿ ಇಲಾಖೆ ತನ್ನ ಸ್ಮಾರಕಗಳಲ್ಲಿ ಪ್ರವಾಸಿಗರ ಛಾಯಾಗ್ರಹಣದ ಮೇಲಿದ್ದ ನಿರ್ಬಂಧಗಳನ್ನು ಸಡಿಲಿಸಿತು. ಅಜಂತಾ ಗುಹೆಗಳು, ಲೇಹ್ ಅರಮನೆ ಮತ್ತು ತಾಜ್‌ಮಹಲಿನ ಮುಖ್ಯ ಸಮಾಧಿ ಈ ಸಡಿಲಿಕೆಯಿಂದ ಹೊರಗುಳಿದವು. ಬೇಲೂರಿನಂಥ ಪೂಜೆ ನಡೆಯುವ ಸ್ಮಾರಕಗಳಲ್ಲಿ ಗರ್ಭಗುಡಿಯ ಕಟ್ಟಳೆ ಮಾತ್ರ ಬೇರೆಯಾಗಿ ಮುಂದುವರಿಯುತ್ತದೆ. ಸ್ಮಾರಕವೊಂದು ಪೂಜಾಸ್ಥಳವೂ ಆಗಿದ್ದರೆ ಅದರ ಸ್ವರೂಪಕ್ಕೆ ಹೊಂದದ ಬಳಕೆ ಕೂಡದು ಎಂದು 1958ರ ಕಾಯಿದೆಯೇ ಹೇಳುತ್ತದೆ.

ಇಲಾಖೆಯ ನೀಲಿ ಫಲಕದಲ್ಲಿ ಕಾಣುವ ನೂರು ಮೀಟರಿನ ನಿಷೇಧಿತ ವಲಯ ಕಟ್ಟಡ ನಿರ್ಮಾಣಕ್ಕೆ ಸಂಬಂಧಿಸಿದ್ದು. ಆ ವಲಯದಲ್ಲಿ ಫೋಟೊ ತೆಗೆಯಬಾರದೆಂದು ಅದರ ಅರ್ಥವಲ್ಲ. ಹಾಗೆಯೇ ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮಾತ್ರಕ್ಕೆ ಅವುಗಳ ಚಿತ್ರದ ಹಕ್ಕು ಯುನೆಸ್ಕೊಗೆ ಹೋಗಿಲ್ಲ. ಸಂಸ್ಥೆ ಕಾಪಾಡಿಕೊಳ್ಳುವುದು ತನ್ನ ಲಾಂಛನದ ಬಳಕೆಯನ್ನು.

ಚಿತ್ರದ ಹಕ್ಕು ಹುಟ್ಟುವುದು ಎಲ್ಲಿ

ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರವೊಂದು ಕಲಾಕೃತಿ. ಚಿತ್ರ ತೆಗೆದ ವ್ಯಕ್ತಿಯೇ ಅದರ ಕರ್ತೃ. ಕ್ಯಾಮೆರಾ ಯಾರದು, ಜಾಗ ಯಾರದು, ಚಿತ್ರದಲ್ಲಿರುವವರು ಯಾರು ಎಂಬುದು ಇಲ್ಲಿ ಗಣನೆಗೆ ಬರುವುದಿಲ್ಲ. ಗೋಪುರದ ಮುಂದೆ ನಿಂತ ಕುಟುಂಬ ತನ್ನ ಫೋನನ್ನು ಅಪರಿಚಿತ ಯಾತ್ರಿಕರ ಕೈಗಿತ್ತು ‘ಒಂದು ಫೋಟೊ ತೆಗೀರಿ’ ಎಂದರೆ, ಕಾಯಿದೆಯ ಅಕ್ಷರದಂತೆ ಕರ್ತೃ ಆ ಅಪರಿಚಿತರೇ. ಇದಕ್ಕಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತಿಲ್ಲವೆಂಬುದು ಸಮಾಧಾನದ ಸಂಗತಿ.

ಹಕ್ಕು ಹುಟ್ಟಲು ನೋಂದಣಿ ಕಡ್ಡಾಯವಲ್ಲ. ಚಿತ್ರದ ಮೂಲೆಯಲ್ಲಿ ಹೆಸರು ಬರೆದುಕೊಂಡರೆ ಹಕ್ಕು ಬರುವುದಿಲ್ಲ, ಬರೆಯದಿದ್ದರೆ ಹೋಗುವುದೂ ಇಲ್ಲ. ಆದರೆ ಕರ್ತೃವಿನ ಹೆಸರು ಮುಂತಾದ ಹಕ್ಕಿನ ಮಾಹಿತಿಯನ್ನು ಅಧಿಕಾರವಿಲ್ಲದೆ, ತಿಳಿದೂ ತಿಳಿದೂ ಅಳಿಸುವುದು 2012ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಬೇರೊಬ್ಬರು ತೆಗೆದ ಕಾಫಿ ಹೂವಿನ ಚಿತ್ರದ ಮೂಲೆ ಕತ್ತರಿಸಿ ತಮ್ಮ ಹೋಮ್‌ಸ್ಟೇ ಜಾಹೀರಾತಿಗೆ ಅಂಟಿಸುವವರು ಇದನ್ನು ಅರಿತಿರುವುದು ಒಳ್ಳೆಯದು.

ಕರ್ತೃವೇ ಮೊದಲ ಒಡೆಯ ಎಂಬುದು ಸಾಮಾನ್ಯ ನಿಯಮ. ಅದಕ್ಕಿರುವ ಅಪವಾದಗಳೇ ವ್ಯವಹಾರದಲ್ಲಿ ಹೆಚ್ಚು ಎದುರಾಗುತ್ತವೆ.

ಮೊದಲನೆಯದು ಹಣ ಕೊಟ್ಟು ತೆಗೆಸಿದ ಚಿತ್ರ. ದೇವಾಲಯದಲ್ಲಿ ನಡೆದ ಮದುವೆಗೆ ಹುಡುಗಿಯ ಮನೆಯವರು ಕಳಸದ ಸ್ಟುಡಿಯೊ ಒಂದಕ್ಕೆ ಹಣ ಕೊಟ್ಟು ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಆ ಚಿತ್ರಗಳ ಮೊದಲ ಒಡೆಯರು ಹಣ ಕೊಟ್ಟ ಮನೆಯವರು. ಸ್ಟುಡಿಯೊದವರು ಧಾರೆಯ ಚಿತ್ರವನ್ನು ತಮ್ಮ ಇನ್‌ಸ್ಟಾಗ್ರಾಮ್ ಪುಟಕ್ಕೋ ಅಂಗಡಿಯ ಫ್ಲೆಕ್ಸಿಗೋ ಹಾಕಬೇಕಾದರೆ ಮನೆಯವರನ್ನು ಕೇಳಬೇಕು. ಬಹುತೇಕ ಸ್ಟುಡಿಯೊಗಳು ಕೇಳುವುದಿಲ್ಲ. ಬಹುತೇಕ ಮನೆಯವರಿಗೆ ಇಂಥ ಹಕ್ಕು ಇದೆಯೆಂದೂ ತಿಳಿದಿಲ್ಲ. ಮುಂಗಡ ಕೊಡುವಾಗಲೇ ರಸೀದಿಯ ಹಿಂದೆ ಎರಡು ಸಾಲು ಬರೆದುಕೊಂಡರೆ ಈ ತಕರಾರು ಏಳುವುದೇ ಇಲ್ಲ.

ಎರಡನೆಯದು ನೌಕರಿಯಲ್ಲಿ ತೆಗೆದ ಚಿತ್ರ. ಸಂಬಳಕ್ಕಿರುವ ಛಾಯಾಗ್ರಾಹಕ ಕರ್ತವ್ಯದ ಭಾಗವಾಗಿ ತೆಗೆದದ್ದು ಸಂಸ್ಥೆಯದು. ಪತ್ರಿಕೆಗಳ ವಿಷಯದಲ್ಲಿ ಕಾಯಿದೆ ಸ್ವಲ್ಪ ನಾಜೂಕಾಗಿದೆ. ಕಳಸ–ಹೊರನಾಡು ರಸ್ತೆಯ ಹೆಬ್ಬಾಳೆ ಸೇತುವೆ ಭದ್ರಾ ನದಿಯ ಪ್ರವಾಹದಲ್ಲಿ ಮುಳುಗಿದ ಚಿತ್ರ ಮಳೆಗಾಲದಲ್ಲಿ ಪತ್ರಿಕೆಗಳ ಜಿಲ್ಲಾ ಪುಟಗಳಿಗೆ ಚಿರಪರಿಚಿತ. ಸಿಬ್ಬಂದಿ ಛಾಯಾಗ್ರಾಹಕ ಅದನ್ನು ತೆಗೆದಿದ್ದರೆ ಪತ್ರಿಕೆಯಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಪತ್ರಿಕೆಯ ಮಾಲೀಕರದು. ಉಳಿದ ಬಳಕೆಗಳ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ಛಾಯಾಗ್ರಾಹಕನಲ್ಲೇ ಉಳಿಯುತ್ತದೆ.

ಮೂರನೆಯದು ಸರ್ಕಾರದ ಕೃತಿ. ಪುರಾತತ್ತ್ವ ಇಲಾಖೆ, ಪ್ರವಾಸೋದ್ಯಮ ಇಲಾಖೆ ತಮ್ಮ ನಿರ್ದೇಶನದಲ್ಲಿ ತೆಗೆಸಿದ ಚಿತ್ರಗಳಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಸರ್ಕಾರವೇ ಒಡೆಯ.

ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದು ಬರವಣಿಗೆಯಲ್ಲೇ ಆಗಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದು, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದು ಕಾಯಿದೆ ಭಾವಿಸುತ್ತದೆ. ಅನುಮತಿ ಪತ್ರದಲ್ಲಿ ‘ತೆಗೆದ ಚಿತ್ರಗಳ ಸಂಪೂರ್ಣ ಹಕ್ಕು ಸಂಸ್ಥೆಗೆ ಸೇರತಕ್ಕದ್ದು’ ಎಂಬ ಸಾಲಿದ್ದು ಛಾಯಾಗ್ರಾಹಕ ಅದಕ್ಕೆ ಸಹಿ ಹಾಕಿದರೆ ಎರಡು ಪ್ರಶ್ನೆಗಳು ಆಗ ಒಂದುಗೂಡುತ್ತವೆ. ಜಾಗದ ಒಡೆಯರು ಚಿತ್ರದ ಒಡೆಯರೂ ಆಗಲು ಇರುವ ನೇರವಾದ ದಾರಿ ಈ ಸಹಿಯೇ. ಹಕ್ಕು ಬಿಟ್ಟುಕೊಟ್ಟ ಮೇಲೂ ತನ್ನ ಹೆಸರನ್ನು ಕೇಳುವ, ಕೃತಿಯನ್ನು ವಿಕೃತಗೊಳಿಸುವುದನ್ನು ತಡೆಯುವ ವಿಶೇಷಾಧಿಕಾರ ಕರ್ತೃವಿಗೆ ಉಳಿದಿರುತ್ತದೆ.

ಕಟ್ಟಡ, ಶಿಲ್ಪ, ವಿಗ್ರಹ

ಅಮೃತಾಪುರದ ದೇವಾಲಯ 1196ರದ್ದು. ಅದರ ಶಿಲ್ಪಿಗಳಿಗೆ ಇಂದಿನ ಅರ್ಥದ ಹಕ್ಕುಸ್ವಾಮ್ಯ ಎಂದೂ ಇರಲಿಲ್ಲ, ಈಗ ಯಾರೂ ಅವರ ಪರವಾಗಿ ಅದನ್ನು ಕೇಳುವಂತೆಯೂ ಇಲ್ಲ. ಇತ್ತೀಚೆಗೆ ಕಟ್ಟಿದ ಗೋಪುರ, ಕಾರ್ಕಳದಿಂದಲೋ ಶಿವಾರಪಟ್ಟಣದಿಂದಲೋ ಕಡೆಸಿ ತಂದ ಹೊಸ ಮೂರ್ತಿಯ ಮಾತು ಬೇರೆ. ವಾಸ್ತುಶಿಲ್ಪಕ್ಕೂ ಶಿಲ್ಪಕ್ಕೂ ಹಕ್ಕುಸ್ವಾಮ್ಯ ಇರುತ್ತದೆ, ಅದು ಅವುಗಳ ಕರ್ತೃವಿನ ಮರಣದ ನಂತರವೂ 60 ವರ್ಷ ನಡೆಯುತ್ತದೆ. ಆದರೂ ಅವುಗಳ ಚಿತ್ರ ತೆಗೆದು ಪ್ರಕಟಿಸುವುದು ಉಲ್ಲಂಘನೆಯಲ್ಲ. ಕಾಯಿದೆಯ 52ನೆಯ ವಿಧಿ ಕಟ್ಟಡಗಳಿಗೆ ಈ ವಿನಾಯಿತಿ ಕೊಡುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಅಥವಾ ಜನರಿಗೆ ಪ್ರವೇಶವಿರುವ ಆವರಣದಲ್ಲಿ ಶಾಶ್ವತವಾಗಿ ಇರಿಸಿದ ಶಿಲ್ಪಗಳಿಗೂ ಅದೇ ವಿನಾಯಿತಿ ಇದೆ. ಆದರೆ ಶಿಲ್ಪವನ್ನು ನೋಡಿ ಇನ್ನೊಂದು ಶಿಲ್ಪ ಕಡೆದು ಮಾರುವುದಕ್ಕೆ ಈ ವಿನಾಯಿತಿ ಸಲ್ಲದು.

ಗೋಡೆಯ ಮೇಲೆ ಈಚೆಗೆ ಬರೆಸಿದ ವರ್ಣಚಿತ್ರಕ್ಕೂ ಛಾಯಾಚಿತ್ರಕ್ಕೂ ಈ ಅವಕಾಶವಿಲ್ಲ. ಹೊರನಾಡಿನ ಅಂಗಡಿಗಳಲ್ಲಿ ಕಟ್ಟು ಹಾಕಿಸಿದ ದೇವಿಯ ಫೋಟೊಗಳು ತೂಗುತ್ತವೆ: ಹೂವಿನ ರಾಶಿಯ ನಡುವೆ ಚಿನ್ನದ ಹೊಳಪಿನ ಮುಖ, ಕೆಳಗೆ ಕ್ಷೇತ್ರದ ಹೆಸರು. ಭಕ್ತರಿಗೆ ಅದು ದೇವಿ. ಕಾಯಿದೆಗೆ ಅದು ಯಾರೋ ಒಬ್ಬರು ಬೆಳಕು ಹೊಂದಿಸಿ ತೆಗೆದ ಛಾಯಾಚಿತ್ರದ ಮುದ್ರಿತ ಪ್ರತಿ. ಅದನ್ನು ಕೊಂಡು ದೇವರ ಕೋಣೆಯಲ್ಲಿಡಲು ಯಾರ ಅಪ್ಪಣೆಯೂ ಬೇಡ. ಅದನ್ನೇ ಸ್ಕ್ಯಾನ್ ಮಾಡಿ ಸಾವಿರ ಪ್ರತಿ ಅಚ್ಚು ಹಾಕಿಸಿ ಮಾರಲು ಮಾತ್ರ ಆ ಚಿತ್ರದ ಹಕ್ಕುದಾರರ ಒಪ್ಪಿಗೆ ಬೇಕು. ದೇವರು ಎಲ್ಲರಿಗೂ ಸೇರಿದವರು ಎಂಬ ವಾದ ಇಲ್ಲಿ ನಿಲ್ಲದು, ಏಕೆಂದರೆ ವ್ಯಾಜ್ಯ ಇರುವುದು ದೇವರ ಮೇಲಲ್ಲ, ಛಾಯಾಚಿತ್ರದ ಮೇಲೆ.

ಕಟ್ಟಡವೊಂದರ ಚಿತ್ರದ ಮೇಲೆ ಹಿಡಿತ ಸಾಧಿಸಲು ವ್ಯಾಪಾರ ಮುದ್ರೆಯ ದಾರಿಯೂ ಇದೆ. ಮುಂಬಯಿಯ ತಾಜ್‌ಮಹಲ್ ಪ್ಯಾಲೇಸ್ ಹೋಟೆಲಿನ ಕಟ್ಟಡದ ರೂಪ 2017ರಲ್ಲಿ ಟ್ರೇಡ್‌ಮಾರ್ಕ್ ಆಗಿ ನೋಂದಣಿಯಾಯಿತು. ಪ್ರವಾಸಿಗರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವುದಕ್ಕೆ ಇದರಿಂದ ಅಡ್ಡಿಯಾಗಿಲ್ಲ. ಆ ರೂಪವನ್ನು ಸರಕಿನ ಗುರುತಾಗಿ ಬಳಸುವುದಷ್ಟೇ ನಿರ್ಬಂಧಿತ.

ಹಕ್ಕಿನ ಅವಧಿ ಮತ್ತು ಹಳೆಯ ಚಿತ್ರಗಳು

ಛಾಯಾಚಿತ್ರದ ಹಕ್ಕುಸ್ವಾಮ್ಯ 2012ರ ಜೂನ್ 21ರವರೆಗೆ ಚಿತ್ರ ಪ್ರಕಟವಾದ ವರ್ಷದಿಂದ ಎಣಿಸಿ 60 ವರ್ಷ ಇತ್ತು. ಅಂದು ಜಾರಿಗೆ ಬಂದ ತಿದ್ದುಪಡಿ ಛಾಯಾಗ್ರಾಹಕರನ್ನು ಸಾಹಿತಿ, ಚಿತ್ರಕಾರರ ಸಾಲಿಗೆ ತಂದಿತು. ಈಗ ಹಕ್ಕು ಛಾಯಾಗ್ರಾಹಕನ ಜೀವಿತಾವಧಿ ಪೂರ್ತಿ ಇದ್ದು, ಆತ ತೀರಿಕೊಂಡ ಮರುವರ್ಷದಿಂದ 60 ವರ್ಷ ಮುಂದುವರಿಯುತ್ತದೆ. ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತ ಹಕ್ಕಿಗಳ ಚಿತ್ರ ತೆಗೆದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ನಿಧನರಾದದ್ದು 2007ರ ಏಪ್ರಿಲ್ 5ರಂದು. ಅವರ ಚಿತ್ರಗಳ ಹಕ್ಕು 2067ರ ಡಿಸೆಂಬರ್ ಕೊನೆಯವರೆಗೆ ಊರ್ಜಿತ. ಅವರ ಕಥೆ, ಕಾದಂಬರಿಗಳ ಹಕ್ಕಿಗೂ ಅದೇ ಗಡುವು.

1951ರ ಕೊನೆಯೊಳಗೆ ಭಾರತದಲ್ಲಿ ಪ್ರಕಟವಾದ ಛಾಯಾಚಿತ್ರಗಳ ಹಕ್ಕು ಈ ತಿದ್ದುಪಡಿಗೆ ಮುಂಚೆಯೇ ಮುಗಿದಿತ್ತು. ಮುಗಿದ ಹಕ್ಕಿಗೆ ತಿದ್ದುಪಡಿ ಮರುಜೀವ ಕೊಡುವುದಿಲ್ಲ. ಸರ್ಕಾರದ ಕೃತಿಗಳಿಗೆ ಪ್ರಕಟಣೆಯಿಂದ 60 ವರ್ಷ ಎಂಬ ಲೆಕ್ಕ ಈಗಲೂ ಇದೆ. 1885ರಲ್ಲಿ ಆರಂಭವಾದ ಮೈಸೂರು ಪುರಾತತ್ತ್ವ ಇಲಾಖೆಯ ಹಳೆಯ ವರದಿಗಳು, ಆರ್. ನರಸಿಂಹಾಚಾರ್ಯರು 1919ರಲ್ಲಿ ಬೇಲೂರಿನ ದೇವಾಲಯದ ಬಗ್ಗೆ ಹೊರತಂದ ಸಚಿತ್ರ ಗ್ರಂಥ, ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟ ಇವೆಲ್ಲ ಹೀಗೆ ಸಾರ್ವಜನಿಕ ಸ್ವತ್ತಾಗಿವೆ. ಇವುಗಳ ಚಿತ್ರಗಳನ್ನು ಶಾಲೆಯ ಸ್ಮರಣ ಸಂಚಿಕೆಯೂ ಬಳಸಬಹುದು, ವ್ಯಾಪಾರಿ ಪ್ರಕಾಶಕರೂ ಬಳಸಬಹುದು.

ಹೊಯ್ಸಳ ಶಿಲ್ಪದ ಅತ್ಯಂತ ಹಳೆಯ ಛಾಯಾಚಿತ್ರಗಳು 1850ರ ದಶಕದವು. ರಿಚರ್ಡ್ ಬ್ಯಾನರ್ ಓಕ್ಲಿ 1856ರಲ್ಲಿ ಹಳೇಬೀಡಿನ ದೇವಾಲಯದ ಚಿತ್ರಗಳನ್ನು ತೆಗೆದು 1859ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ವೈದ್ಯರಾದ ಪಿಗೊ ಮತ್ತು ನೀಲ್ ತೆಗೆದ ಧಾರವಾಡ, ಮೈಸೂರು ಸೀಮೆಯ ಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಬರಹಗಳೊಡನೆ ಗ್ರಂಥರೂಪ ಪಡೆದವು. ಇವುಗಳ ಹಕ್ಕು ಮುಗಿದು ಎಷ್ಟೋ ಕಾಲವಾಗಿದೆ. ಆದರೂ ಇಂಥ ಮೂಲ ಪ್ರತಿಗಳನ್ನು ಇಟ್ಟುಕೊಂಡಿರುವ ಗ್ರಂಥಾಲಯ, ಸಂಗ್ರಹಾಲಯಗಳು ಉತ್ತಮ ಪ್ರತಿ ಒದಗಿಸಲು ಶುಲ್ಕ ಕೇಳುವುದುಂಟು. ಅದು ಹಕ್ಕುಸ್ವಾಮ್ಯದ ಶುಲ್ಕವಲ್ಲ, ಕಪಾಟಿನ ಬೀಗ ತೆಗೆದುದಕ್ಕೆ ಶುಲ್ಕ. ದೇವಾಲಯದ ಬಾಗಿಲಲ್ಲಿ ಕಂಡ ಭೇದವೇ ಇಲ್ಲಿಯೂ ಇದೆ. ಅದೇ ಚಿತ್ರ ಹಳೆಯ ಪುಸ್ತಕದಲ್ಲಿ ಸಿಕ್ಕರೆ ಅಲ್ಲಿಂದ ಅದನ್ನು ಮುದ್ರಿಸಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ.

ಕಾಡು, ತೋಟ ಮತ್ತು ಡ್ರೋನ್

ಕುದುರೆಮುಖ ರಾಷ್ಟ್ರೀಯ ಉದ್ಯಾನ 2012ರಲ್ಲಿ ಪಶ್ಚಿಮ ಘಟ್ಟಗಳ ಇತರ ತಾಣಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಡೆಯುತ್ತದೆ. ಉದ್ಯಾನದೊಳಗೆ ಪ್ರವೇಶಿಸಿ ಛಾಯಾಗ್ರಹಣ ಮಾಡಲು ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ಆವಾಸಸ್ಥಾನಕ್ಕೂ ಪ್ರಾಣಿಗಳಿಗೂ ತೊಂದರೆಯಾಗಬಾರದೆಂಬ ಷರತ್ತನ್ನು 2022ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಅನುಮತಿ ಅರಣ್ಯ ಇಲಾಖೆಯದಾದರೂ, ಸಿಂಗಳೀಕದ ಚಿತ್ರ ಅದನ್ನು ತೆಗೆದವರದು.

ಕಾಫಿ ತೋಟಗಳ ವಿಷಯ ಸರಳ. ತೋಟ ಖಾಸಗಿ ಸ್ವತ್ತು, ಬೇಲಿ ದಾಟಲು ಮಾಲೀಕರ ಒಪ್ಪಿಗೆ ಬೇಕು. ರಸ್ತೆಯಲ್ಲಿ ನಿಂತು ತೋಟದ ಹೂವಿನ ಚಿತ್ರ ತೆಗೆಯುವವರನ್ನು ತಡೆಯಲು ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಯಾವ ಆಧಾರವೂ ಇಲ್ಲ.

ಡ್ರೋನ್ ಬಂದ ಮೇಲೆ ಬೇಲಿಯ ಲೆಕ್ಕ ಸ್ವಲ್ಪ ತೊಡಕಾಗಿದೆ. 2021ರ ಡ್ರೋನ್ ನಿಯಮಗಳು ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಪ್ರತ್ಯೇಕ ಅನುಮತಿ ಬೇಡ. ಆದರೆ ನಕ್ಷೆಯ ಹಸಿರು ಬಣ್ಣ ತಿಳಿಸುವುದು ಆಕಾಶದ ವಿಷಯವನ್ನಷ್ಟೇ. ಕೆಳಗಿರುವುದು ರಾಷ್ಟ್ರೀಯ ಉದ್ಯಾನವಾದರೆ ಅರಣ್ಯ ಇಲಾಖೆಯ, ಸಂರಕ್ಷಿತ ಸ್ಮಾರಕವಾದರೆ ಪುರಾತತ್ತ್ವ ಇಲಾಖೆಯ, ದೇವಾಲಯವಾದರೆ ಅದರ ಆಡಳಿತದ ಅನುಮತಿಯನ್ನು ಬೇರೆಯಾಗಿ ಪಡೆಯಬೇಕು. ಎಲ್ಲವನ್ನೂ ಪಡೆದು ಹಾರಿಸಿದ ಡ್ರೋನಿನ ಚಿತ್ರಕ್ಕೂ ಒಡೆತನದ ನಿಯಮ ಮೇಲೆ ಹೇಳಿದ್ದೇ. ಸ್ವಂತಕ್ಕೆ ಹಾರಿಸಿದವರಾದರೆ ಹಕ್ಕು ಅವರದು, ಸಂಬಳಕ್ಕೆ ಹಾರಿಸಿದವರಾದರೆ ಸಂಸ್ಥೆಯದು, ಹಣ ಪಡೆದು ಹಾರಿಸಿದವರಾದರೆ ಹಣ ಕೊಟ್ಟವರದು.